ಚಾನೆಲ್ ಮೂರು

ಯಾವುದಕ್ಕೆ ಯಾವುದು ಹೊಂದುತ್ತದೆಂದು ನೋಡಿ ಹಂಚಿಕೊಂಡಿದ್ದರೆ
ಅದನ್ನು ಯಾರೂ ಜಗಳ ಎನ್ನುತ್ತಿರಲಿಲ್ಲ.
ಎಣಿಸಿ ಹಂಚಿಕೊಂಡೆವು, ನಾನು ಮತ್ತು ಕೊಟ್ರೇಶಿ,
ಹೊಂಡದ ಸರ್ಕಲ್ಲಿನ ಸ್ಟುಡಿಯೋಗೆ ಬೀಗ ಹಾಕಿದ ಸಂಜೆ:
ಅವನಿಗೊಂದು ಕ್ಯಾಮೆರಾ, ನನಗೊಂದು,
ಅವನಿಗೆರಡು ದೀಪ, ನನಗೆರಡು.
ಹಿನ್ನೆಲೆಯ ನೀಲಿ ಪರದೆಯನ್ನು
ಕತ್ತರಿಸಲಿಲ್ಲ, ಅಷ್ಟೇ.

ಮನೆಗೆ ಬಂದು ಬ್ಯಾಗು ಬಿಚ್ಚಿದರೆ
ನಿಕಾನಿನ ಕ್ಯಾಮೆರಾ, ಕೆನಾನಿನ ಟ್ರಿಗರ್.
ಅವನ ಬ್ಯಾಗಿನಲ್ಲಿ ಇದರ ತಿರುಗುಮುರುಗು.
ಒಂದು ಫೋನು, ಎರಡು ನಿಮಿಷದ ಕೆಲಸ.
ಮಾಡಲಿಲ್ಲ.
ಅವನೂ ಮಾಡಲಿಲ್ಲ.

ಮಂಡಿಪೇಟೆಯಲ್ಲಿ ಮೆಟ್ಟಿಲ ಕೆಳಗೆ ಬುಡನ್ ಸಾಬರ ಅಂಗಡಿ.
ಅಂಗಡಿ ಎನ್ನುವುದಕ್ಕೆ ಒಂದು ಮೇಜು, ಒಂದು ಸ್ಟೂಲು,
ಕೂತವರ ಮೊಣಕಾಲು ರಸ್ತೆಯಲ್ಲಿ.
ಮಿಕ್ಸಿ, ಟೇಪ್ ರೆಕಾರ್ಡರ್, ಮಸೀದಿಯ ಮೈಕು, ಮಠದ ಮೈಕು
ಎಲ್ಲಕ್ಕೂ ಒಂದೇ ಸೋಲ್ಡರಿಂಗ್ ಕಡ್ಡಿ.
ಕನ್ನಡಕದ ಮೇಲೊಂದು ಕನ್ನಡಕ ಏರಿಸಿ
ಟ್ರಿಗರನ್ನು ಅಂಗಾತ ಹಿಡಿದರು,
ಮುಳ್ಳು ತೆಗೆಯಲು ಮಗುವಿನ ಕಾಲು ಹಿಡಿದಂತೆ.

"ಇಲ್ನೋಡವ್ವಾ, ಐದು ಮೊಳೆ.
ನಡುವಿಂದು ಎಲ್ಲಾ ಕಂಪನಿಗೂ ಒಂದ.
ಉಳಿದ ನಾಕು ಅವರವರ ಮನಿ ಮಾತು:
ಬೆಳಕು ಎಷ್ಟು ಬೇಕು, ಲೆನ್ಸು ಎಷ್ಟು ದೂರ ನೋಡ್ತತಿ,
ಗುಟ್ಟು, ಚಾಡಿ.
ನಡುವಿಂದು ಅನ್ನೋದು ಒಂದ ಮಾತು:
ಈಗ."

ಇಕ್ಕಳದ ತುದಿಗೆ ಒಂದೊಂದಾಗಿ ಎದ್ದು ಬಂದವು,
ಜೀರಿಗೆಯಷ್ಟು ಚಿನ್ನದ ಬಣ್ಣ,
ಹಳೇ ಕ್ಯಾಲೆಂಡರಿನ ಹಾಳೆಯ ಮೇಲೆ ನಾಲ್ಕು.
ಪಕ್ಕದ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಿದ್ದರು.
ಕಣ್ಣು ಉರಿಯಿತು. ಹೊಗೆಗೇ.

"ಇನ್ನ ಇದಕ್ಕ ತಾನಾಗಿ ಏನೂ ತಿಳಿಯಂಗಿಲ್ಲ.
ಬೆಳಕಿನ ಅಳತಿ ನಿಂದ.
ಇನ್ನೂರರ ಮ್ಯಾಲೆ ಹೋಗಬ್ಯಾಡ,
ಮದುಮಗಳ ಮಾರಿಗೆ ಕರೀ ಪಟ್ಟಿ ಬೀಳ್ತತಿ."
ನೂರೈವತ್ತು ತೆಗೆದುಕೊಂಡರು.
ಕಿತ್ತ ಹಲ್ಲು ಕೊಡುವ ಹಾಗೆ ನಾಲ್ಕು ಮೊಳೆ ಪೊಟ್ಟಣ ಕಟ್ಟಿ ಕೊಟ್ಟು
"ಮೊನ್ನೆ ಒಬ್ಬಾವ ಇದ ಕೆಲಸಕ್ಕ ಬಂದಿದ್ದ" ಅಂದರು.
ಹೆಸರು ಹೇಳಲಿಲ್ಲ. ನಾನು ಕೇಳಲಿಲ್ಲ.

ಪಿ.ಬಿ. ರಸ್ತೆಯಲ್ಲಿ
ಬೆನ್ನಿಗೆ ಬೆನ್ನು ಕೊಟ್ಟ ಎರಡು ಕಲ್ಯಾಣ ಮಂಟಪ,
ನಡುವೆ ಒಂದೇ ಗೋಡೆ, ಗೋಡೆಗೆ ಜಾಲಂಧ್ರ.
ಆರತಕ್ಷತೆಯ ಸಾಲು ಬಾಗಿಲವರೆಗೆ.
ನನ್ನ ಬೆರಳು ಗುಂಡಿಯ ಮೇಲೆ ಬರೀ ಇತ್ತು,
ಒತ್ತಿರಲಿಲ್ಲ.
ದೀಪ ಹೊಡೆಯಿತು.
ಫೋಟೋ ಆಯಿತೆಂದು ಉಡುಗೊರೆ ಕೊಟ್ಟವರು ಇಳಿದೇ ಹೋದರು.
ಮತ್ತೆ ಹೊಡೆಯಿತು, ನನಗಿಂತ ಮೊದಲು.
ಎರಡು. ಸ್ವಲ್ಪ ತಡೆದು, ಮೂರನೆಯದು.

ಎರಡು ತೆಗೆದು, ತಲೆ ಎತ್ತಿ,
"ಗದ್ದ ಚೂರು ಕೆಳಗೆ" ಎಂದು,
ಮೂರನೆಯದಕ್ಕೆ ಉಸಿರು ಹಿಡಿಯುವವನು
ಈ ದಾವಣಗೆರೆಗೆಲ್ಲ ಒಬ್ಬನೇ.

ಎರಡೂ ಟ್ರಿಗರ್ ಚೀನಾದ ಒಂದೇ ಕಾರ್ಖಾನೆಯ ಮಕ್ಕಳು,
ಪಾದ ಬೇರೆ, ಉಸಿರು ಒಂದೇ.
ಸ್ಟುಡಿಯೋ ಕಾಲದ ಚಾನೆಲ್ ಮೂರನ್ನು
ಹಂಚಿಕೊಳ್ಳುವುದು ಮರೆತಿತ್ತು.
ಗೋಡೆಯಾಚೆ ಅವನು "ಈಗ" ಎಂದರೆ ನನ್ನಲ್ಲಿ ಮಿಂಚು,
ನಾನು "ಈಗ" ಎಂದರೆ
ಯಾರೋ ಗುರುತಿಲ್ಲದ ಮದುಮಗಳು ಕಣ್ಣು ಮುಚ್ಚಿರಬೇಕು.

ಬದಲಿಸುವ ಗುಂಡಿ ಹೆಬ್ಬೆರಳ ಕೆಳಗೇ ಇತ್ತು.
ಒಂಬತ್ತೂವರೆಯತನಕ ಹೆಬ್ಬೆರಳು ಸುಮ್ಮನಿತ್ತು.
ಬ್ಯಾಟರಿ ಅರ್ಧಕ್ಕಿಳಿದ ಮೇಲೆ
ಚಾನೆಲ್ ನಾಲ್ಕಕ್ಕೆ ಹೋದೆ.

ಹೊಡೆಯಿತು.
ಎರಡು. ತಡೆದು, ಮೂರನೆಯದು.
ಅವನೂ ನಾಲ್ಕಕ್ಕೇ ಬಂದಿದ್ದ.

ನಗು ತಡೆಯಲಾಗಲಿಲ್ಲ.
ಕುರ್ಚಿಯಲ್ಲಿ ಕೂತಿದ್ದ ಮದುಮಗನ ಅಜ್ಜಿ
ತನ್ನನ್ನೇ ನೋಡಿ ನಕ್ಕೆನೆಂದುಕೊಂಡು
ಬೊಚ್ಚು ಬಾಯಿ ಬಿಟ್ಟು ನಕ್ಕಳು.
ಆಗ ಒತ್ತಿದೆ.

ಆಲ್ಬಮಿಗೆ ಕೊಡದೆ ಇಟ್ಟುಕೊಂಡ ಒಂದೇ ಫೋಟೋ ಅದು.
ಮುಖಕ್ಕೆ ನನ್ನ ದೀಪ.
ಎಡ ಹೆಗಲ ಸೆರಗಿನ ಮೇಲೆ
ಜಾಲಂಧ್ರದ ಚೌಕ ಚೌಕ ಬೆಳಕು,
ನಾನು ಇಟ್ಟದ್ದಲ್ಲ.

ಅಳತೆ ಮಾತ್ರ
ಸರಿಯಾಗಿದೆ.